ಚಾಕೊಲೇಟ್ ಬಾಟಲಿಯ ಹಿಂಬದಿ ಓದೋಣ



ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಡುವ ತಾಯಿಗೆ ಮಕ್ಕಳ ಟಿಫಿನ್ ಬಾಕ್ಸ್ ಒಂದು ದೊಡ್ಡ ತಲೆಬಿಸಿ. ಅಕ್ಕಿ ರೊಟ್ಟಿ ತಟ್ಟಿ, ಚಟ್ನಿ ಅರೆದು, ನೀರು ತುಂಬಿಸಿ, ಮಕ್ಕಳ ತಲೆ ಬಾಚಿ ಹೊರಡುವಷ್ಟರಲ್ಲಿ ಜೀಪು ಬಂದು ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ ರೊಟ್ಟಿಗೋ ಬ್ರೆಡ್ಡಿಗೋ ಒಂದು ಚಮಚ ಚಾಕೊಲೇಟ್ ಸವರಿ ಕೊಟ್ಟರೆ ಮಗು ತಕರಾರಿಲ್ಲದೆ ತಿನ್ನುತ್ತದೆ. ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತದೆ. ತಾಯಿಗೂ ಸಮಾಧಾನ.

ನೆಲ್ಯಹುದಿಕೇರಿ, ಸಿದ್ದಾಪುರದ ಕಡೆ ಈ ಚಾಕೊಲೇಟ್ ಹೇಝಲ್‌ನಟ್ ಸ್ಪ್ರೆಡ್ ಈಗ ಹೊಸ ವಸ್ತುವೇನಲ್ಲ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಬರುತ್ತದೆ. ಹೋಂ ಸ್ಟೇ ಕೆಲಸಕ್ಕೆ ಹೋಗುವ ನಮ್ಮ ಅಕ್ಕತಂಗಿಯರು ಅಲ್ಲಿನ ತಿಂಡಿ ಮೇಜಿನ ಮೇಲೆ ನೋಡಿರುತ್ತಾರೆ. ಕುಶಾಲನಗರದ ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಜಾಹೀರಾತು ನೋಡಿದ ಮಕ್ಕಳು "ಅಮ್ಮಾ, ಅದೇ ಬೇಕು" ಅಂತ ಹಟ ಹಿಡಿಯುತ್ತವೆ. ಬಾಟಲಿಯ ಮೇಲೆ ಹಾಲಿನ ಲೋಟ, ಒಡೆದ ಬೀಜದ ಚಿತ್ರ ಬೇರೆ. "ಹಾಲು ಇದೆ, ಬೀಜ ಇದೆ, ಒಳ್ಳೇದೇ ಅಲ್ವಾ?" ಎಂದು ಕೇಳುವ ತಾಯಂದಿರು ಬಹಳ ಮಂದಿ.

ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಮೊದಲು ಅದರಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂದು ಲೆಕ್ಕ ನೋಡೋಣ. ಸಂಘದ ಲೆಕ್ಕದ ಪುಸ್ತಕವನ್ನು ಪೈಸೆ ಪೈಸೆಗೂ ತಾಳೆ ಹಾಕುವ ನಮಗೆ ಇದು ಕಷ್ಟದ ಕೆಲಸವಲ್ಲ.

ಇದು ಹುಟ್ಟಿದ್ದು ಹೇಗೆ?

ಈ ಜಾತಿಯ ಸ್ಪ್ರೆಡ್‌ಗಳಲ್ಲಿ ಹೆಚ್ಚು ಹೆಸರಾದದ್ದು ನುಟೆಲ್ಲಾ. ಇದರ ಊರು ಇಟಲಿ ದೇಶದ ಪೀಡ್‌ಮಾಂಟ್ ಪ್ರಾಂತ್ಯದ ಆಲ್ಬಾ ಪಟ್ಟಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಕೋಕೋ ಸಿಗುವುದು ಕಷ್ಟವಾಗಿತ್ತು, ಸಿಕ್ಕರೂ ದುಬಾರಿ. ಆದರೆ ಹೇಝಲ್‌ನಟ್ ಎನ್ನುವ ಬೀಜ ಆ ಸೀಮೆಯಲ್ಲೇ ಬೇಕಾದಷ್ಟು ಬೆಳೆಯುತ್ತಿತ್ತು. ಪಿಯೆತ್ರೊ ಫೆರೆರೊ ಎಂಬ ಮಿಠಾಯಿ ಅಂಗಡಿಯವರು 1946ರಲ್ಲಿ ಸ್ವಲ್ಪ ಕೋಕೋಗೆ ಈ ಬೀಜವನ್ನೂ ಸಕ್ಕರೆಯನ್ನೂ ಸೇರಿಸಿ, ಚಾಕುವಿನಿಂದ ಕೊಯ್ದು ಬ್ರೆಡ್ ಜೊತೆ ತಿನ್ನುವಂಥ ಗಟ್ಟಿ ಅಚ್ಚು ಮಾಡಿದರು. 1951ರಲ್ಲಿ ಅದು ಸವರುವಂಥ ಮೆತ್ತನೆಯ ರೂಪಕ್ಕೆ ಬಂತು. 1964ರಲ್ಲಿ ನುಟೆಲ್ಲಾ ಎಂಬ ಹೆಸರಿನಲ್ಲಿ ಬಾಟಲಿ ಸೇರಿತು.

ಕೊಡಗಿನವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಕಾಫಿ ಪುಡಿಗೆ ಚಿಕೋರಿ ಬೆರೆಸಿ ಹೆಚ್ಚು ಮಾಡುವ ಹಾಗೆಯೇ ಅಲ್ಲಿ ಕೋಕೋಗೆ ಬೀಜ ಬೆರೆಸಿದರು. ಚಿಕೋರಿ ಬೆರೆಸಿದ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬರೆದಿರಲೇಬೇಕು ಎಂಬ ಕಾನೂನು ನಮ್ಮಲ್ಲಿದೆ. ಅದನ್ನು ಓದಿಯೇ ನಾವು ಪುಡಿ ಕೊಳ್ಳುತ್ತೇವೆ. ಈ ಬಾಟಲಿಯನ್ನೂ ಹಾಗೆಯೇ ಓದಬೇಕು.

ಹಿಂಬದಿಯಲ್ಲಿ ಏನಿದೆ?

ಮುಂದಿನ ಚಿತ್ರ ಮಾರುವವರದ್ದು. ಹಿಂದಿನ ಸಣ್ಣ ಅಕ್ಷರ ನಮ್ಮದು. ಅಲ್ಲಿ 'ಇಂಗ್ರೀಡಿಯೆಂಟ್ಸ್' ಎಂಬ ಪದದ ಮುಂದೆ ಬಳಸಿದ ಸಾಮಾನುಗಳ ಪಟ್ಟಿ ಇರುತ್ತದೆ. ಇಲ್ಲಿ ಒಂದು ನಿಯಮವನ್ನು ನೆನಪಿಡಿ: ತೂಕದಲ್ಲಿ ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕು, ಕಡಿಮೆ ಇರುವುದನ್ನು ಕೊನೆಗೆ. ಆಮೇಲೆ ಓದಿದರೆ ಕಾಣುವುದು ಇಷ್ಟು:

ಮೊದಲನೆಯದು ಸಕ್ಕರೆ.
ಎರಡನೆಯದು ಪಾಮ್ ಎಣ್ಣೆ.
ಮೂರನೆಯದು ಹೇಝಲ್‌ನಟ್ ಬೀಜ, 100 ಗ್ರಾಂಗೆ 13 ಗ್ರಾಂ.
ಆಮೇಲೆ ಕೆನೆ ತೆಗೆದ ಹಾಲಿನ ಪುಡಿ, 9 ಗ್ರಾಂನ ಹತ್ತಿರ.
ಕೋಕೋ ಪುಡಿ, ಏಳೂವರೆ ಗ್ರಾಂನ ಹತ್ತಿರ.
ಕೊನೆಗೆ ಎಣ್ಣೆಯೂ ಪುಡಿಯೂ ಬೇರೆಯಾಗದಂತೆ ಹಿಡಿದಿಡುವ ಸೋಯಾ ಲೆಸಿಥಿನ್, ಪರಿಮಳಕ್ಕೆ ವೆನಿಲಿನ್.

ಹೆಸರಿನಲ್ಲಿ ಮುಂದೆ ನಿಂತಿರುವ ಬೀಜ, ಕೋಕೋ ಪಟ್ಟಿಯಲ್ಲಿ ಹಿಂದೆ ಸರಿದಿವೆ. ಹೆಸರಿನಲ್ಲಿ ಕಾಣದ ಸಕ್ಕರೆ, ಎಣ್ಣೆ ಮುಂದೆ ಕೂತಿವೆ. ಇದರಲ್ಲಿ ಗುಟ್ಟೇನೂ ಇಲ್ಲ, ಕಂಪನಿಯವರೇ ಅಚ್ಚು ಹಾಕಿಸಿದ್ದಾರೆ. ಓದುವುದಷ್ಟೇ ನಮ್ಮ ಪಾಲಿನ ಕೆಲಸ.

100 ಗ್ರಾಂನ ಲೆಕ್ಕ

ಪಟ್ಟಿಯ ಪಕ್ಕದಲ್ಲೇ 'ನ್ಯೂಟ್ರಿಷನ್' ಎಂಬ ಚೌಕ ಇರುತ್ತದೆ. ನುಟೆಲ್ಲಾ 100 ಗ್ರಾಂನಲ್ಲಿ ಸುಮಾರಾಗಿ ಇರುವುದು ಹೀಗೆ:

ಶಕ್ತಿ: 539 ಕ್ಯಾಲೊರಿ
ಸಕ್ಕರೆ: 56 ಗ್ರಾಂ
ಕೊಬ್ಬು: 31 ಗ್ರಾಂ (ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹತ್ತೂವರೆ ಗ್ರಾಂ)
ಪ್ರೋಟೀನ್: 6 ಗ್ರಾಂ ಚಿಲ್ಲರೆ

ಸಕ್ಕರೆ ಮತ್ತು ಕೊಬ್ಬು ಕೂಡಿಸಿ ನೋಡಿ: 56ಕ್ಕೆ 31 ಸೇರಿಸಿದರೆ 87. ನೂರು ರೂಪಾಯಿ ಕೊಟ್ಟು 87 ರೂಪಾಯಿಗೆ ಸಕ್ಕರೆ, ಎಣ್ಣೆ ತಂದಂತೆ. ಬೀಜದ ಒಳಗೂ ಒಳ್ಳೆಯ ಎಣ್ಣೆ ಇರುತ್ತದೆ ನಿಜ. ಹೇಝಲ್‌ನಟ್ ನಮ್ಮ ನೆಲಗಡಲೆ, ಗೋಡಂಬಿಯ ಹಾಗೆ ಸತ್ವದ ಬೀಜ. ಇ ಜೀವಸತ್ವವೂ ಅದರಲ್ಲಿ ಚೆನ್ನಾಗಿದೆ. ಆದರೆ 13 ಗ್ರಾಂ ಬೀಜದಿಂದ ಬರುವ ಎಣ್ಣೆ ಸುಮಾರು 8 ಗ್ರಾಂ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಪಾಮ್ ಎಣ್ಣೆಯದೇ. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಸ್ಪ್ರೆಡ್ ನೀರಾಗದೆ ಮೆತ್ತಗೆ ನಿಲ್ಲುವುದು ಅದರಿಂದಲೇ. ಈ ಕೊಬ್ಬು ಮಿತಿ ಮೀರಿದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ.

350 ಗ್ರಾಂನ ಒಂದು ಬಾಟಲಿಯಲ್ಲಿ ಸುಮಾರು 197 ಗ್ರಾಂ ಸಕ್ಕರೆ. ಚಿಕ್ಕ ಚಮಚಕ್ಕೆ 5 ಗ್ರಾಂ ಅಂತ ಇಟ್ಟುಕೊಂಡರೆ ಹತ್ತಿರ ಹತ್ತಿರ 40 ಚಮಚ. ಅದೇ ಬಾಟಲಿಯಲ್ಲಿ ಬೀಜ 45 ಗ್ರಾಂ, ಅಂದರೆ ದೊಡ್ಡವರ ಒಂದು ಹಿಡಿಗಿಂತ ಸ್ವಲ್ಪ ಹೆಚ್ಚು. ಹಾಲಿನ ಪುಡಿ 30 ಗ್ರಾಂ.

ಒಂದು ಚಮಚದ ಲೆಕ್ಕ

"ನಾವೇನು ನೂರು ಗ್ರಾಂ ಕೊಡ್ತೇವಾ? ಒಂದು ಚಮಚ ತಾನೇ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕಂಪನಿಯವರೂ ಒಂದು ಸಲಕ್ಕೆ 15 ಗ್ರಾಂ ಎಂದೇ ಹೇಳುತ್ತಾರೆ. ಅಷ್ಟರಲ್ಲಿ 80 ಕ್ಯಾಲೊರಿ, 8 ಗ್ರಾಂ ಚಿಲ್ಲರೆ ಸಕ್ಕರೆ (ಎರಡು ಚಮಚಕ್ಕೆ ತುಸು ಕಡಿಮೆ), ನಾಲ್ಕೂವರೆ ಗ್ರಾಂ ಕೊಬ್ಬು, 1 ಗ್ರಾಂನೊಳಗೆ ಪ್ರೋಟೀನ್ ಇರುತ್ತದೆ.

ಆದರೆ ಎರಡು ರೊಟ್ಟಿಗೆ ಸವರುವಾಗ 15 ಗ್ರಾಂ ಸಾಲುವುದಿಲ್ಲ. 30 ಗ್ರಾಂ ಆಗಿಯೇ ಆಗುತ್ತದೆ. ಆಗ ಸಕ್ಕರೆ 17 ಗ್ರಾಂ. ಅದರಲ್ಲಿ ಒಂದು ಗ್ರಾಂನಷ್ಟು ಹಾಲಿನ ಪುಡಿಯದ್ದು ಎಂದು ಬಿಟ್ಟರೂ ಉಳಿದದ್ದೆಲ್ಲ ಮೇಲಿಂದ ಹಾಕಿದ ಸಕ್ಕರೆ.

ಮಗುವಿಗೆ ದಿನಕ್ಕೆ ಎಷ್ಟು ಸಕ್ಕರೆ ಸಾಕು? ಮೇಲಿಂದ ಹಾಕುವ ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 10 ಪಾಲು ಮೀರಬಾರದು, 5 ಪಾಲಿನೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ ಬೇಕು ಎನ್ನುವುದು ನಮ್ಮ ದೇಶದ ಲೆಕ್ಕ. ಅದರಲ್ಲಿ 5 ಪಾಲು ಅಂದರೆ 17 ಗ್ರಾಂ ಸಕ್ಕರೆ. ಅಂದರೆ ಎರಡು ರೊಟ್ಟಿಯ ಸ್ಪ್ರೆಡ್ಡಿನಲ್ಲೇ ಮಗುವಿನ ದಿನದ ಸಕ್ಕರೆ ಹೆಚ್ಚುಕಡಿಮೆ ಮುಗಿಯಿತು. ಇನ್ನು ಬೆಳಗಿನ ಕಾಫಿ, ಸಂಜೆಯ ಬಿಸ್ಕೆಟ್, ಅಂಗಡಿಯ ಮಿಠಾಯಿ ಬಾಕಿ ಇವೆ.

ಇನ್ನೊಂದು ಹೋಲಿಕೆ ನೋಡಿ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಅಷ್ಟೇ ಪ್ರೋಟೀನ್ ಈ ಬಾಟಲಿಯಿಂದ ಬೇಕೆಂದರೆ ಮಗು 100 ಗ್ರಾಂ ತಿನ್ನಬೇಕು. ಜೊತೆಗೆ 11 ಚಮಚ ಸಕ್ಕರೆಯನ್ನೂ ನುಂಗಬೇಕು. ಬಾಟಲಿಯ ಬೆಲೆಯಾದರೋ ಕೆಲವು ನೂರು ರೂಪಾಯಿ. ತೋಟದ ದಿನಗೂಲಿಯ ದೊಡ್ಡ ಪಾಲು ಅದಕ್ಕೇ ಹೋಯಿತು. ಆ ದುಡ್ಡಿನಲ್ಲಿ ಎಷ್ಟು ಮೊಟ್ಟೆ, ಎಷ್ಟು ಸೇರು ನೆಲಗಡಲೆ, ಎಷ್ಟು ರಾಗಿ ಬರುತ್ತದೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ.

ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ

ಇದು ನಮಗೆ ಯಾಕೆ ಮುಖ್ಯ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ಹೆಂಗಸರಲ್ಲಿ ನೂರಕ್ಕೆ 48ರ ಹತ್ತಿರ. ನಮ್ಮ ಮಕ್ಕಳಿಗೆ ಸಕ್ಕರೆಯ ಕೊರತೆ ಇಲ್ಲ. ಕೊರತೆ ಇರುವುದು ಕಬ್ಬಿಣಾಂಶ, ಪ್ರೋಟೀನ್, ಜೀವಸತ್ವಗಳದ್ದು. ಕೋಕೋದಲ್ಲಿ ಕಬ್ಬಿಣ ಇದೆ ಎನ್ನುವ ಮಾತು ಸುಳ್ಳಲ್ಲ. ಆದರೆ ಒಂದು ಚಮಚ ಸ್ಪ್ರೆಡ್ಡಿನಲ್ಲಿ ಕೋಕೋ ಇರುವುದೇ ಒಂದು ಗ್ರಾಂ. ಅಷ್ಟರಿಂದ ರಕ್ತ ಏರುವುದಿಲ್ಲ.

ಸಿಹಿ ತಿಂದ ಮಗುವಿಗೆ ಆ ಹೊತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಆಮೇಲೆ ಸೊಪ್ಪಿನ ಸಾರು, ರಾಗಿ, ಬೇಳೆ ಮುಂದಿಟ್ಟರೆ ಬೇಡ ಅನ್ನುತ್ತದೆ. ನಷ್ಟ ಆಗುವುದು ಇಲ್ಲಿ. ಸ್ಪ್ರೆಡ್ ತಿಂದದ್ದಕ್ಕಿಂತ ಅದರಿಂದಾಗಿ ತಿನ್ನದೆ ಬಿಟ್ಟ ಊಟವೇ ಮಗುವನ್ನು ಹೆಚ್ಚು ಸೊರಗಿಸುತ್ತದೆ. ಜೊತೆಗೆ ಹಲ್ಲಿನ ಸಂದಿಯಲ್ಲಿ ಅಂಟಿ ಕೂರುವ ಸಿಹಿ ಹುಳುಕಿಗೂ ದಾರಿ.

ಇಂಥ ಗೊಂದಲ ನಮ್ಮೂರಿನವರಿಗೆ ಮಾತ್ರ ಆದದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವರ್ಷದ ಮಗುವಿನ ತಾಯಿಯೊಬ್ಬರು ಇದನ್ನು ಪೌಷ್ಟಿಕ ತಿಂಡಿಯ ಭಾಗ ಎಂದು ತೋರಿಸುವ ಜಾಹೀರಾತು ನಂಬಿ ಮಗಳಿಗೆ ಕೊಡುತ್ತಿದ್ದರು. ಒಳಗೆ ಏನಿದೆ ಎಂದು ತಿಳಿದ ಮೇಲೆ 2011ರಲ್ಲಿ ಕೋರ್ಟಿಗೆ ಹೋದರು. 2012ರಲ್ಲಿ ಕಂಪನಿ ಸುಮಾರು 30 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡು, ಅಲ್ಲಿನ ಜಾಹೀರಾತನ್ನೂ ಬದಲಿಸಲು ಒಪ್ಪಿತು. ಓದುಬರಹ ಬಲ್ಲ ದೇಶದ ತಾಯಂದಿರೂ ಮುಂದಿನ ಚಿತ್ರವನ್ನೇ ನಂಬಿದ್ದರು ಅಂದ ಮೇಲೆ ನಾವು ನಾಚಿಕೊಳ್ಳಬೇಕಾಗಿಲ್ಲ. ಓದಲು ಶುರು ಮಾಡಿದರೆ ಸಾಕು.

ಹಾಗಾದರೆ ಕೊಡಲೇಬಾರದಾ?

ಹಾಗೇನಿಲ್ಲ. ಇದು ವಿಷವಲ್ಲ, ಸಿಹಿತಿಂಡಿ. ಜಿಲೇಬಿ, ಮೈಸೂರು ಪಾಕ್, ಹೋಂ ಮೇಡ್ ಚಾಕೊಲೇಟ್ ಇರುವ ಸಾಲಿನಲ್ಲೇ ಇದನ್ನೂ ಇಡಬೇಕು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ನೆಂಟರು ತಂದಾಗ ಒಂದು ಚಮಚ ತಿನ್ನಲಿ. ದಿನದ ತಿಂಡಿಯ ಜಾಗಕ್ಕೆ ಮಾತ್ರ ಬೇಡ. ಕೆಲವು ಎಚ್ಚರಿಕೆಗಳು:

ಎರಡು ವರ್ಷದೊಳಗಿನ ಮಕ್ಕಳಿಗೆ ಮೇಲಿಂದ ಸಕ್ಕರೆ ಹಾಕಿದ ತಿಂಡಿ ಬೇಡ. ಇದೂ ಬೇಡ.

ಬೀಜ, ಹಾಲು, ಸೋಯಾ ಕೆಲವರ ಮೈಗೆ ಆಗುವುದಿಲ್ಲ. ತಿಂದ ಮೇಲೆ ಬಾಯಿ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಕ್ಕರೆ ಕಾಯಿಲೆ ಇರುವ ಮನೆಯ ಹಿರಿಯರು "ಬೀಜದ್ದಲ್ವಾ" ಅಂತ ತಿನ್ನುವುದು ಬೇಡ.

ಕಡಿಮೆ ಬೆಲೆಯ ಬೇರೆ ಬೇರೆ ಹೆಸರಿನ ಸ್ಪ್ರೆಡ್‌ಗಳೂ ಸಿಗುತ್ತವೆ. ಕೆಲವದರಲ್ಲಿ ಹೇಝಲ್‌ನಟ್ ಇನ್ನೂ ಕಡಿಮೆ. ಪಟ್ಟಿಯಲ್ಲಿ 'ಹೈಡ್ರೋಜನೇಟೆಡ್' ಎಂಬ ಪದ ಕಂಡರೆ ಅದು ವನಸ್ಪತಿಯ ಜಾತಿಯ ಕೊಬ್ಬು ಎಂದು ತಿಳಿದು, ಆ ಬಾಟಲಿಯನ್ನು ಬಿಟ್ಟುಬಿಡಿ.

ನಾವೇ ಮಾಡಬಹುದಾದ ನೆಲಗಡಲೆ–ಕೋಕೋ ಸವರಿಕೆ

ಹೇಝಲ್‌ನಟ್ ನಮ್ಮ ಬೆಳೆಯಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಹೇಝಲ್‌ನಟ್ ಬರುವುದು ಟರ್ಕಿಯಿಂದ. ಆದರೆ ನೆಲಗಡಲೆ ನಮ್ಮದೇ. ಕೋಕೋ ಕೂಡ ದೂರದ್ದಲ್ಲ. ಘಟ್ಟದ ಕೆಳಗೆ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದನ್ನು ಬೆಳೆಯುತ್ತಾರೆ. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಆ ಕೋಕೋವನ್ನು ಕೊಂಡು, 1986ರಿಂದ ಪುತ್ತೂರಿನ ತನ್ನದೇ ಕಾರ್ಖಾನೆಯಲ್ಲಿ ಚಾಕೊಲೇಟ್ ಮಾಡುತ್ತಿದೆ.

350 ಗ್ರಾಂಗೆ ಬೇಕಾದದ್ದು: ನೆಲಗಡಲೆ ಬೀಜ 250 ಗ್ರಾಂ, ಒಣಗಿದ ಬೆಲ್ಲದ ಪುಡಿ 80 ಗ್ರಾಂ, ಸಕ್ಕರೆ ಬೆರೆಸದ ಕೋಕೋ ಪುಡಿ 20 ಗ್ರಾಂ, ಚಿಟಿಕೆ ಉಪ್ಪು.

ಮಾಡುವ ರೀತಿ: ಬೀಜವನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿಯಿರಿ. ಆರಿದ ಮೇಲೆ ಸಿಪ್ಪೆ ತಿಕ್ಕಿ ಕೇರಿ. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲಿಸಿ ನಿಲ್ಲಿಸಿ ಅರೆಯಿರಿ, ಒಂದೇ ಸಮನೆ ಓಡಿಸಿದರೆ ಮಿಕ್ಸಿ ಸುಡುತ್ತದೆ. ಮೊದಲು ಪುಡಿಯಾಗುತ್ತದೆ, ಆಮೇಲೆ ಉಂಡೆ ಕಟ್ಟುತ್ತದೆ, ಬಿಡದೆ ಅರೆದರೆ ಬೀಜದ ಎಣ್ಣೆಯೇ ಬಿಟ್ಟು ಮೆತ್ತಗಾಗುತ್ತದೆ. ಆಗ ಬೆಲ್ಲ, ಕೋಕೋ, ಉಪ್ಪು ಹಾಕಿ ಇನ್ನೊಮ್ಮೆ ತಿರುಗಿಸಿ. ನೀರು ಒಂದು ಹನಿಯೂ ಬೀಳಬಾರದು. ಬಿದ್ದರೆ ಗಟ್ಟಿಯಾಗುತ್ತದೆ, ಬೇಗ ಕೆಡುತ್ತದೆ. ತೀರಾ ಗಟ್ಟಿ ಅನ್ನಿಸಿದರೆ ಒಂದು ಚಮಚ ನೆಲಗಡಲೆ ಎಣ್ಣೆ ಸೇರಿಸಿ.

ಲೆಕ್ಕ ನೋಡೋಣ. ಇದರ 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 18 ಗ್ರಾಂ. ಬಾಟಲಿಯದಕ್ಕಿಂತ ಹತ್ತಿರ ಹತ್ತಿರ ಮೂರು ಪಟ್ಟು. ಮೇಲಿಂದ ಹಾಕಿದ ಸಿಹಿ ಸುಮಾರು 20 ಗ್ರಾಂ, ಬಾಟಲಿಯದರ ಅರ್ಧಕ್ಕಿಂತ ಕಡಿಮೆ. ಖರ್ಚು ನೂರು ರೂಪಾಯಿ ಆಸುಪಾಸು. ಆದರೆ ಕ್ಯಾಲೊರಿ, ಕೊಬ್ಬು ಇದರಲ್ಲೂ ಕಡಿಮೆಯಿಲ್ಲ. ನೆಲಗಡಲೆಯ ಎಣ್ಣೆ ಪಾಮ್ ಎಣ್ಣೆಗಿಂತ ಹೃದಯಕ್ಕೆ ಒಳ್ಳೆಯದು ಅಷ್ಟೇ. ಬೆಲ್ಲವೂ ಸಕ್ಕರೆಯ ತಮ್ಮನೇ. ಬೆಲ್ಲ ಎಂದ ಮಾತ್ರಕ್ಕೆ ಲೆಕ್ಕ ಬಿಡಬಾರದು. ಆದ್ದರಿಂದ ಇದೂ ದಿನಕ್ಕೆ ಒಂದೆರಡು ಚಮಚವೇ.

ಮಳೆಗಾಲದ ಎಚ್ಚರ: ಕೊಡಗಿನ ಮಳೆ, ಮಂಜಿನಲ್ಲಿ ನೆಲಗಡಲೆಗೆ ಬೂಸ್ಟು ಹಿಡಿಯುವುದು ಬೇಗ. ಆ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಲಿವರ್ ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣ ಕೆಟ್ಟ, ಸುಕ್ಕಾದ, ಕಹಿಯಾದ ಬೀಜವನ್ನು ಆರಿಸಿ ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ವಲ್ಪವೇ ಮಾಡಿ, ಒಣ ಬಾಟಲಿಯಲ್ಲಿಟ್ಟು, ಒಣ ಚಮಚ ಬಳಸಿ, ಎರಡು ವಾರದೊಳಗೆ ಮುಗಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅರೆದದ್ದನ್ನು ತೆಳ್ಳಗೆ ಸವರಿ ಕೊಡಿ.

ಸಂಘದಿಂದ ಮಾಡಿ ಮಾರುವ ಆಸೆ ಇದ್ದರೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಬಾಟಲಿಯ ಮೇಲೆ ಸಾಮಾನುಗಳ ಪಟ್ಟಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನೆಲಗಡಲೆ ಇದೆ ಎಂಬ ಸೂಚನೆ ಇರಲೇಬೇಕು. ಬೇರೆಯವರ ಹಿಂಬದಿ ಓದುವ ನಾವು ನಮ್ಮ ಹಿಂಬದಿಯನ್ನೂ ಸರಿಯಾಗಿ ಬರೆಯಬೇಕಲ್ಲ!

ಅವಸರದ ಬೆಳಿಗ್ಗೆಗೆ

ಇದನ್ನೂ ಅರೆಯಲು ಹೊತ್ತಿಲ್ಲ ಅನ್ನುವವರಿಗೆ: ಬೇಯಿಸಿದ ಮೊಟ್ಟೆ ಮತ್ತು ರೊಟ್ಟಿ. ಪುಟ್ಟು ಮತ್ತು ಕಡಲೆ. ನೆನೆಸಿದ ಅವಲಕ್ಕಿಗೆ ತೆಂಗಿನಕಾಯಿ, ಹುರಿಗಡಲೆ. ರಾತ್ರಿಯೇ ಅರೆದಿಟ್ಟ ನೆಲಗಡಲೆ ಚಟ್ನಿ. ರಾಗಿ ರೊಟ್ಟಿ ಮತ್ತು ಬಾಳೆಹಣ್ಣು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ ಇದೆ, ಮೂಳೆಗೂ ಹಲ್ಲಿಗೂ ಬೇಕಾದದ್ದು ಅದೇ. ಊಟದ ಜೊತೆಗೆ ಕಾಫಿ, ಟೀ ಕೊಡಬೇಡಿ, ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡುವಿರಲಿ.

ಮುಂದಿನ ಸಭೆಯಲ್ಲಿ ಮಾತಾಡೋಣ

1. ಪ್ರತಿಯೊಬ್ಬರೂ ಮನೆಯಿಂದ ಒಂದು ತಿಂಡಿ ಪೊಟ್ಟಣ ಅಥವಾ ಖಾಲಿ ಬಾಟಲಿ ತನ್ನಿ. ಇಂಗ್ಲಿಷ್ ಬಾರದಿದ್ದರೆ ಹೈಸ್ಕೂಲ್ ಓದುವ ಮಗಳನ್ನು ಜೊತೆಗೆ ಕರೆತನ್ನಿ. ಮೊದಲ ಮೂರು ಸಾಮಾನುಗಳು ಯಾವುವು ಎಂದು ಜೋರಾಗಿ ಓದಿಸಿ.
2. ನಮ್ಮ ಮನೆಯಲ್ಲಿ ಅಂಗಡಿಯ ಸಿಹಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ? ಉಳಿತಾಯದ ಪುಸ್ತಕದ ಪಕ್ಕ ಇಟ್ಟು ನೋಡಿ.
3. ಮಗು ಬೇಡ ಅನ್ನದೆ ತಿನ್ನುವ, ಹತ್ತು ನಿಮಿಷದಲ್ಲಿ ಆಗುವ ಒಂದು ತಿಂಡಿಯನ್ನು ಒಬ್ಬೊಬ್ಬರೂ ಹೇಳಿ. ಎಲ್ಲವನ್ನೂ ಸಂಘದ ಪುಸ್ತಕದಲ್ಲಿ ಬರೆದಿಡಿ.

ಮಗುವಿನ ಹಟಕ್ಕೆ ಮಣಿಯುವುದು ತಾಯಿಯ ಪ್ರೀತಿಯಿಂದಲೇ. ಆ ಪ್ರೀತಿಗೆ, ಬೆವರು ಸುರಿಸಿ ದುಡಿದ ಆ ದುಡ್ಡಿಗೆ ಸರಿಯಾದ ಸಾಮಾನು ಸಿಗಬೇಕು. ಅಂಗಡಿಯಲ್ಲಿ ಬಾಟಲಿ ಕೈಗೆ ಬಂದಾಗ ಒಮ್ಮೆ ತಿರುಗಿಸಿ, ಹಿಂಬದಿ ಓದಿ, ಆಮೇಲೆ ಪರ್ಸ್ ತೆಗೆಯಿರಿ.